ಕರುಳಿನ ಕ್ಯಾನ್ಸರ್ ಆದವರ ಕಾಲಿನ ಜೋಮನ್ನು ಕಡೆಗಣಿಸದಿರಿ

ಮಾನ್ಯ ಸಂಪಾದಕರೇ,

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಚೆನ್ನಾಗಿಯೇ ಇದ್ದ ನನ್ನ ಅಣ್ಣನಿಗೆ ಕಳೆದ ವರ್ಷ ಬಲಗಾಲು ಜೋಮು ಹಿಡಿಯತೊಡಗಿದಾಗ, ಮನೆಯವರಾದ ನಾವೂ ಪರೀಕ್ಷಿಸಿದ ವೈದ್ಯರೂ ಅದನ್ನು ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ತೊಂದರೆ) ಎಂದೇ ತಿಳಿದೆವು. ಸೊಂಟದ ಭಾಗಕ್ಕಷ್ಟೇ ಮಾಡಿಸಿದ ಎಂಆರ್‌ಐನಲ್ಲಿ ಏನೂ ಕಾಣದ್ದರಿಂದ ಮಾತ್ರೆ, ಮಾಲೀಸುಗಳಲ್ಲಿ ಮೂರು ವಾರ ಕಳೆದುಹೋಯಿತು. ಮೂತ್ರ ಕಟ್ಟಿಕೊಂಡ ದಿನ ಇಡೀ ಬೆನ್ನಿನ ಎಂಆರ್‌ಐ ಮಾಡಿಸಿದಾಗ, ಎದೆಯ ಮಟ್ಟದಲ್ಲಿ, ಬೆನ್ನುಹುರಿಯ ತಿರುಳಿನೊಳಗೇ ಗಡ್ಡೆ ಕಂಡಿತು. ಅಷ್ಟರಲ್ಲಿ ಎರಡೂ ಕಾಲು ಸೋತಿದ್ದವು.

ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ (ಬೆನ್ನುಮೂಳೆಯ ಮಣಿಯ) ಬಳಿಯೇ ಮುಗಿಯುತ್ತದೆ. ಅದರ ಕೆಳಗಿರುವುದು ನರಗಳ ಕಟ್ಟು ಮಾತ್ರ. ಹಾಗಾಗಿ ಸೊಂಟದ ಚಿತ್ರವೊಂದನ್ನೇ ನೋಡಿ ಸಮಾಧಾನಪಡುವಂತಿಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು.

ಕರುಳಿನ ರಕ್ತ ಬಹುಪಾಲು ಪೋರ್ಟಲ್ ಸಿರೆಯ ಮೂಲಕ ಯಕೃತ್ತಿಗೆ ಹೋಗುವುದರಿಂದ ಈ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಅಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ಬೆನ್ನುಹುರಿಯೊಳಗೆ ಹರಡುವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟು ಶ್ವಾಸಕೋಶದಿಂದ ಬಂದವು. ಕರುಳಿನಿಂದ ಬರುವುದು ತೀರ ಅಪರೂಪ. ಆದರೂ ದಾರಿಗಳಿವೆ. ಅಪಧಮನಿಗಳ ಮೂಲಕ ಬರುವುದು ಒಂದಾದರೆ, 1940ರಲ್ಲಿ ಅಮೆರಿಕದ ಅಂಗರಚನಾಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್ ವಿವರಿಸಿದ, ಬೆನ್ನುಮೂಳೆಯ ಸುತ್ತಲಿನ ಕವಾಟಗಳಿಲ್ಲದ ಸಿರೆಗಳ ಜಾಲ ಮತ್ತೊಂದು. ಕೆಮ್ಮಿದಾಗ, ತಿಣುಕಿದಾಗ ಹೊಟ್ಟೆಯ ಒತ್ತಡ ಏರಿ ಅಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿಯಬಲ್ಲದು.

ಕ್ಯಾನ್ಸರ್ ಮೂಳೆಗೆ ಹರಡಿ ಹುರಿಯನ್ನು ಹೊರಗಿನಿಂದ ಅದುಮುವುದು ಇದಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ. ಎರಡಕ್ಕೂ ಚಿಕಿತ್ಸೆಯ ಕ್ರಮ ಬೇರೆಯಾದರೂ ಮುನ್ಸೂಚನೆಗಳು ಬಹುತೇಕ ಒಂದೇ: ಮಲಗಿದರೂ ತಗ್ಗದ ಬೆನ್ನುನೋವು, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಹ ಅನುಭವ, ನಡಿಗೆಯಲ್ಲಿ ತಡವರಿಕೆ, ಮಲಮೂತ್ರದ ಹಿಡಿತ ತಪ್ಪುವುದು. ಸ್ಟೀರಾಯ್ಡ್, ರೇಡಿಯೇಷನ್, ಕೆಲವರಿಗೆ ಶಸ್ತ್ರಚಿಕಿತ್ಸೆ ಲಭ್ಯವಿದ್ದರೂ, ಚಿಕಿತ್ಸೆ ಆರಂಭಿಸುವ ಹೊತ್ತಿಗೆ ನಡೆಯಬಲ್ಲವರೇ ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು. ರೇಡಿಯೇಷನ್‌ನಿಂದ ಅಣ್ಣನ ನೋವು ತಗ್ಗಿತು. ಕಾಲಿಗೆ ಬಲ ಮರಳಲಿಲ್ಲ.

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಹೊರಡುವವರ ಕೈಗೆ ಈ ಲಕ್ಷಣಗಳನ್ನು ಬರೆದ ಕನ್ನಡದ ಚೀಟಿಯೊಂದನ್ನು ಆಸ್ಪತ್ರೆಗಳು ಕೊಡಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಕಾಲಿನ ಜೋಮಿನೊಂದಿಗೆ ಬಂದವರನ್ನು, ಹಿಂದೆ ಕ್ಯಾನ್ಸರ್ ಆಗಿತ್ತೇ ಎಂದು ತಪ್ಪದೇ ಕೇಳಬೇಕು ಎಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ.

– ಓದುಗರೊಬ್ಬರು, ದಾವಣಗೆರೆ