ಬಾವಿಯ ಕಲ್ಲು ಕದಲಿಸುವ ಮೊದಲು

ಕ್ರೀಟ್ ದ್ವೀಪ, ಗ್ರೀಸ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನಿಮ್ಮ, ಅವ್ವನ, ಕಾಕಾನ ಆರೋಗ್ಯದ ಬಗ್ಗೆ ತಿಳಿಸುತ್ತಿರಿ.

ಊರ ಪಾವಟಿಗೆ ಬಾವಿಯ ಹೂಳು ತೆಗೆಸಿ ಜರಿದ ಗೋಡೆ ಕಟ್ಟಿಸಬೇಕೆಂದು ಹಿರಿಯರು ಕೂಡಿ ಮಾತಾಡಿದ್ದಾರೆ, ಗೌಂಡಿ ಕೆಲಸ ನಿಮ್ಮ ಕೈಗೇ ಬರುತ್ತದೆ ಎಂದು ತಮ್ಮನು ಫೋನಿನಲ್ಲಿ ಹೇಳಿದ. ಕೇಳಿ ಬಹಳ ಸಂತೋಷವಾಯಿತು. ಕಲ್ಲು ಕೂಡಿಸುವುದನ್ನು ನಿಮಗೆ ನಾನು ಹೇಳಿಕೊಡುವಂತಿಲ್ಲ. ಕೂಡಿಸುವ ಮೊದಲು, ಈಗ ಅಲ್ಲಿ ಏನಿದೆಯೋ ಅದನ್ನು ಇದ್ದಂತೆ ಬರೆದಿಡುವುದು ಹೇಗೆ ಎಂಬುದನ್ನಷ್ಟೇ ಬರೆಯುತ್ತೇನೆ. ಇಲ್ಲಿ ಉತ್ಖನನದಲ್ಲಿ ನಮ್ಮ ದಿನದ ಕೆಲಸ ಇದೇ: ಗೋಡೆ ಮತ್ತು ಪಾವಟಿಗೆಗಳ ದಾಖಲೆ. ಒಂದು ಸಲ ಕಲ್ಲು ಕಿತ್ತರೆ ಅದು ಕೂತಿದ್ದ ಜಾಗದ ಸಾಕ್ಷಿ ಹೋದಂತೆ. ಅದೇ ಕಲ್ಲನ್ನು ಅಲ್ಲೇ ಇಟ್ಟರೂ ಆ ಸಾಕ್ಷಿ ತಿರುಗಿ ಬರುವುದಿಲ್ಲ.

ಮೊದಲು ಕಾಗದಪತ್ರದ ಮಾತು. ಹಳೆ ಗುಡಿ, ಬಾವಿಗಳ ಲಕ್ಕುಂಡಿ ಹತ್ತಿರವೇ ಇರುವುದರಿಂದ ಇದನ್ನು ಬಿಡುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ. ಬಾವಿ ಯಾವುದಾದರೂ ಪಟ್ಟಿಯಲ್ಲಿದೆಯೇ ಎಂದು ಪುರಾತತ್ವ ಇಲಾಖೆಗೆ ಪಂಚಾಯಿತಿಯಿಂದ ಬರೆದು ಕೇಳಿಸಿ. ಉತ್ತರ ಲಿಖಿತವಾಗಿ ಬರುವ ತನಕ ಸಲಿಕೆ ಹಚ್ಚುವುದು ಬೇಡ. ಅಳತೆ, ಫೋಟೋ ಯಾರ ಕಲ್ಲನ್ನೂ ಕದಲಿಸುವುದಿಲ್ಲವಾದ್ದರಿಂದ ಆ ಸಮಯವನ್ನು ಅದಕ್ಕೇ ಬಳಸಬಹುದು.

ಬೇಕಾಗುವ ಸಾಮಾನು ಹೆಚ್ಚುಕಡಿಮೆ ನಿಮ್ಮ ಚೀಲದಲ್ಲೇ ಇದೆ: ತೂಗುಗುಂಡು, ರಸಮಟ್ಟ, ನೀರಿನ ಪೈಪು, ನೈಲಾನ್ ದಾರ, 5 ಮೀಟರಿನ ಉಕ್ಕಿನ ಟೇಪು. ಇದರ ಜೊತೆಗೆ 30 ಮೀಟರಿನ ಉದ್ದ ಟೇಪು, ಗ್ರಾಫ್ ಹಾಳೆ, 4ಎಚ್ ಪೆನ್ಸಿಲ್ ತರಿಸಿ. ಮೆತ್ತನೆ ಪೆನ್ಸಿಲ್ ಗೆರೆ ಬೆವರಿನ ಕೈಗೆ ಹರಡಿ ಅಳಿಸಿಹೋಗುತ್ತದೆ. ಫೂಟು–ಇಂಚು ನಿಮ್ಮ ಕೈಗೆ ಒಗ್ಗಿದೆ, ಗೊತ್ತು. ಆದರೂ ಈ ಕೆಲಸ ಪೂರ್ತಿ ಮೀಟರಿನಲ್ಲೇ ಆಗಲಿ. ಅರ್ಧ ಹಾಳೆ ಇಂಚಿನಲ್ಲಿ, ಅರ್ಧ ಸೆಂಟಿಮೀಟರಿನಲ್ಲಿ ಇದ್ದರೆ ಮುಂದೆ ಯಾವ ಸಂಖ್ಯೆಯನ್ನೂ ನಂಬಲು ಬರುವುದಿಲ್ಲ. ಮೇಲಿನಿಂದ ನೋಡಿದ ನಕ್ಷೆ 1:20ರಲ್ಲಿ ಇರಲಿ, ಅಂದರೆ ಹಾಳೆಯ 5 ಸೆಂ.ಮೀ. ನೆಲದ ಒಂದು ಮೀಟರ್. ಗೋಡೆಯ ಮುಖದ ಚಿತ್ರ 1:10ರಲ್ಲಿ ಆದರೆ ಸಣ್ಣ ಚಕ್ಕೆಗಲ್ಲೂ ಕಾಣುತ್ತದೆ. ಟೇಪಿನ ಸೊನ್ನೆ ಎಲ್ಲಿ ಶುರುವಾಗುತ್ತದೆ ಎಂದು ಮೊದಲೇ ನೋಡಿ. ಕೆಲವಕ್ಕೆ ಕೊಂಡಿಯ ತುದಿಯಿಂದ, ಕೆಲವಕ್ಕೆ ಪಟ್ಟಿಯ ಮೇಲೆ ಒಂದಿಷ್ಟು ಬಿಟ್ಟು. ಇಬ್ಬರು ಎರಡು ಟೇಪು ಹಿಡಿದು ಅಳೆದಾಗ ನಡುವೆ 10 ಸೆಂ.ಮೀ. ಕಾಣೆಯಾಗುವುದು ಹೀಗೆಯೇ.

ಸ್ವಚ್ಛ ಮಾಡುವ ಮೊದಲು ಒಂದು ಸುತ್ತು ಫೋಟೋ. ಆಮೇಲೆ ಹುಲ್ಲನ್ನು ಕತ್ತರಿಸಿ, ಕೀಳಬೇಡಿ. ಬೇರಿನ ಜೊತೆ ಸಂದಿಯ ಮಣ್ಣು, ಅದರ ಜೊತೆ ಕಲ್ಲು ಬರುತ್ತದೆ. ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್ ಚಾಣದ ಗುರುತನ್ನೇ ತಿಂದುಬಿಡುತ್ತದೆ. ಸಂದಿಯನ್ನು ಕೆದಕುವುದಂತೂ ಬೇಡವೇ ಬೇಡ. ಅಲ್ಲಿರುವುದು ಎರೆಮಣ್ಣೋ, ಗಚ್ಚೋ, ಬರೀ ಚಕ್ಕೆಗಲ್ಲೋ ಎಂಬುದೇ ಗೋಡೆಯ ವಯಸ್ಸಿಗೆ ದೊಡ್ಡ ಸುಳಿವು. ಪ್ರೆಷರ್ ವಾಷರ್ ತರುತ್ತೇವೆ ಎಂದು ಯಾರಾದರೂ ಬಂದರೆ ದಯವಿಟ್ಟು ಗಟ್ಟಿಯಾಗಿ ಬೇಡವೆನ್ನಿ.

ಇನ್ನು ಮಟ್ಟ. ಇಡೀ ದಾಖಲೆ ಒಂದೇ ಒಂದು ಗುರುತಿನ ಮೇಲೆ ನಿಲ್ಲುತ್ತದೆ. ಬಾವಿಯ ಹೊರಗೆ, ಕೆಲಸದಲ್ಲಿ ಕದಲದ ಒಂದು ಜಾಗ ಆರಿಸಿಕೊಂಡು, ದೇವಸ್ಥಾನದ ಕಟ್ಟೆಯ ಮೂಲೆ ಎನ್ನಿ, ಅದನ್ನು 100.000 ಮೀಟರ್ ಎಂದು ಹಿಡಿಯಿರಿ. ಸೊನ್ನೆ ಹಿಡಿದರೆ ಕೆಳಗಿನದೆಲ್ಲ ಮೈನಸ್ ಆಗಿ ಬರೆಯುವಾಗ ತಪ್ಪುತ್ತದೆ. ಇಲ್ಲಿ ನಾವು ದುರ್ಬೀನಿನ ಮಟ್ಟಯಂತ್ರ ಬಳಸುತ್ತೇವೆ. ಲೆಕ್ಕ ಸರಳ: ಗುರುತಿನ ಮೇಲೆ ಅಳತೆಕೋಲು ಹಿಡಿದಾಗ 1.245 ಕಂಡರೆ ಯಂತ್ರದ ಕಣ್ಣು 101.245ರಲ್ಲಿದೆ. ಪಾವಟಿಗೆಯ ಮೇಲೆ ಕೋಲಿಟ್ಟಾಗ 1.910 ಕಂಡರೆ ಆ ಪಾವಟಿಗೆ 99.335. ದಿನದ ಕೊನೆಗೆ ಮತ್ತೆ ಮೊದಲ ಗುರುತಿಗೆ ಕೋಲಿಟ್ಟು, ಬಂದ ಸಂಖ್ಯೆ ಕೆಲವು ಮಿಲಿಮೀಟರಿಗಿಂತ ಹೆಚ್ಚು ತಪ್ಪಿದ್ದರೆ ಆ ದಿನದ ಮಟ್ಟಗಳನ್ನೆಲ್ಲ ಮತ್ತೆ ತೆಗೆಯಬೇಕು. ನಿಮ್ಮ ನೀರಿನ ಪೈಪಿನಿಂದಲೂ ಇದೇ ಕೆಲಸ ಆಗುತ್ತದೆ, ಒಳಗೆ ಗಾಳಿಗುಳ್ಳೆ ಇರಬಾರದಷ್ಟೆ. ಪೈಪಿನ ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಬಿದ್ದರೂ ನೀರು ಸ್ವಲ್ಪ ಸುಳ್ಳು ಹೇಳುತ್ತದೆ. ಬಾವಿಯಲ್ಲಿ ಇನ್ನೊಂದು ಅನುಕೂಲ ಉಂಟು, ಅದು ನಮಗೆ ಇಲ್ಲಿ ಸಿಗುವುದಿಲ್ಲ: ಗಾಳಿಯಿಲ್ಲದ ಮುಂಜಾನೆ ನಿಂತ ನೀರೇ ಪಕ್ಕಾ ಮಟ್ಟ. ಒಂದೇ ಹೊತ್ತಿಗೆ ನಾಲ್ಕೂ ಗೋಡೆಯಲ್ಲಿ ನೀರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದರೆ ಬಾವಿಯ ಸುತ್ತ ಒಂದು ಮಟ್ಟಗೆರೆ ಪುಕ್ಕಟೆ ಸಿಕ್ಕಂತೆ.

ಗೋಡೆಯ ಮುಖ ಬರೆಯುವಾಗ ಆ ಮಟ್ಟಗೆರೆಗೆ ದಾರ ಕಟ್ಟಿ, ಅದರ ಕೆಳಗೆ ಟೇಪು ಹಾಸಿ. ದಾರ ಉದ್ದವಾದಷ್ಟೂ ನಡುವೆ ಜೋಲುತ್ತದೆ, ಮೂರು ಮೀಟರಿಗೊಂದು ಮೊಳೆಯ ಆಧಾರ ಬೇಕು. ಮೊಳೆಯನ್ನು ಸಂದಿಯ ಮಣ್ಣಿಗೇ ಚುಚ್ಚಬೇಕು, ಕಲ್ಲಿಗೆ ಬಡಿಯಬಾರದು. ಪ್ರತಿ ಕಲ್ಲಿನ ಮೂಲೆಗೂ ಟೇಪಿನ ಮೇಲೆ ಎಷ್ಟು, ದಾರದಿಂದ ಮೇಲೆ ಅಥವಾ ಕೆಳಗೆ ಎಷ್ಟು, ಎರಡೇ ಅಳತೆ. ತಮ್ಮ ಅಳೆದು ಕೂಗಲಿ, ನೀವು ಬರೆಯಿರಿ. ಎದುರಿಗೆ ನಿಂತು ಕಲ್ಲು ನೋಡುತ್ತಲೇ ಗೆರೆ ಎಳೆಯಬೇಕು. ಸಂಖ್ಯೆ ಬರೆದುಕೊಂಡು ಹೋಗಿ ಮನೆಯಲ್ಲಿ ಚಿತ್ರ ಮಾಡಿದರೆ ಎಲ್ಲಾ ಕಲ್ಲೂ ಚೌಕವಾಗಿಬಿಡುತ್ತವೆ. ಗೋಡೆ ಉಬ್ಬಿರುವಲ್ಲಿ ಮೇಲಿನಿಂದ ತೂಗುಗುಂಡು ಇಳಿಬಿಟ್ಟು, 20 ಸೆಂ.ಮೀ.ಗೊಮ್ಮೆ ದಾರದಿಂದ ಗೋಡೆಗೆ ಎಷ್ಟು ಅಂತರ ಎಂದು ಬರೆಯಿರಿ. ಗುಂಡು ಗಾಳಿಗೆ ಆಡಿದರೆ ಅದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ನಿಲ್ಲುತ್ತದೆ. ತಿಂಗಳು ಬಿಟ್ಟು ಮತ್ತೆ ಅಳೆದಾಗ ಉಬ್ಬು ಹೆಚ್ಚಿದ್ದರೆ ಆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಎರಡು ಗೋಡೆ ಕೂಡುವ ಮೂಲೆ. ಒಂದರ ಕಲ್ಲು ಇನ್ನೊಂದರೊಳಗೆ ವರಸೆ ಬಿಟ್ಟು ವರಸೆ, ಅಂದರೆ ಸಾಲು ಬಿಟ್ಟು ಸಾಲು, ಹೊಕ್ಕಿದ್ದರೆ ಎರಡೂ ಒಂದೇ ಸಲ ಎದ್ದ ಗೋಡೆಗಳು. ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದೇ ಸಂದಿ ಇದ್ದರೆ ಒಂದು ಆಮೇಲೆ ಬಂದು ಆತುಕೊಂಡದ್ದು. ಆದರೆ ಮುಖ ನೋಡಿ ತೀರ್ಮಾನ ಮಾಡಬಾರದು. ಹೊರಗಿನ ಮುಖವನ್ನು ಯಾರೋ ಆಮೇಲೆ ದುರಸ್ತಿ ಮಾಡಿ ಬೆಸೆದಿರಬಹುದು. ಎರಡು ತಂಡ ಎರಡು ಕಡೆಯಿಂದ ಕಟ್ಟುತ್ತಾ ಬಂದು ಕೂಡಿದಲ್ಲಿಯೂ ನೆಟ್ಟ ಸಂದಿ ಬೀಳುತ್ತದೆ, ಇದು ನಿಮಗೇ ಚೆನ್ನಾಗಿ ಗೊತ್ತು. ಗೋಡೆಯ ತಲೆ ಬಿಚ್ಚಿಕೊಂಡಿರುವಲ್ಲಿ ಹೊಟ್ಟೆಯೊಳಗಿನ ಕಲ್ಲು ನೋಡಿ, ಪಾಯ ಕಾಣುವಲ್ಲಿ ಯಾವುದರ ಕೆಳಗೆ ಯಾವುದು ಹೋಗಿದೆ ನೋಡಿ. ಹಾಳೆಯಲ್ಲಿ ‘ಬೆಸೆದಿದೆ’, ‘ಆತಿದೆ’, ‘ಕಾಣುವುದಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆದರೆ ಸಾಕು. ಕಂಡದ್ದು ಒಂದು ಕಡೆ, ನಮಗೆ ಅನಿಸಿದ್ದು ಇನ್ನೊಂದು ಕಡೆ. ‘ಚಾಲುಕ್ಯರ ಕಾಲದ ಗೋಡೆ’ ಎಂಬುದು ಅನಿಸಿದ್ದು. ‘ಬಳಪದ ಕಲ್ಲು, ಚಾಣದಿಂದ ನಯ ಮಾಡಿದ್ದು, ವರಸೆಯ ಎತ್ತರ 28ರಿಂದ 31 ಸೆಂ.ಮೀ., ಗಚ್ಚಿಲ್ಲ’ ಎಂಬುದು ಕಂಡದ್ದು. ಎಡ–ಬಲ ಎಂದೂ ಬರೆಯಬೇಡಿ, ನಿಂತ ಜಾಗ ಬದಲಾದರೆ ಅದೂ ಬದಲಾಗುತ್ತದೆ. ಮೂಡಣ, ಪಡುವಣ ಎಂದೇ ಇರಲಿ.

ಪಾವಟಿಗೆಗಳಿಗೆ ಬರುತ್ತೇನೆ. ಕಾಲಿಡುವ ಹಾಸಿನ ಅಗಲವನ್ನು ಒಂದೊಂದಾಗಿ ಅಳೆದು ಕೂಡಿಸಬಾರದು. ಒಂದೊಂದಕ್ಕೆ 3 ಮಿ.ಮೀ. ತಪ್ಪಿ, ತಪ್ಪು ಒಂದೇ ಕಡೆಗೆ ವಾಲಿದರೆ 40 ಪಾವಟಿಗೆಗೆ 12 ಸೆಂ.ಮೀ. ಆಗುತ್ತದೆ. ಮೇಲಿನ ಒಂದೇ ಸೊನ್ನೆಯಿಂದ ಮಟ್ಟವಾಗಿ ಟೇಪು ಎಳೆದು, ತೂಗುಗುಂಡಿನಿಂದ ಪ್ರತಿ ಅಂಚನ್ನೂ ಮೇಲಕ್ಕೆ ತಂದು ಓದಬೇಕು. ಎತ್ತರಕ್ಕೂ ಹಾಗೆಯೇ, ಪ್ರತಿಯೊಂದರ ಮಟ್ಟವನ್ನೂ ಮೊದಲ ಗುರುತಿನಿಂದಲೇ ತೆಗೆಯಿರಿ. ಅದೂ ಒಂದೇ ಕಡೆ ಅಲ್ಲ, ಎರಡು ತುದಿ ಮತ್ತು ನಡುವೆ. ಇಲ್ಲಿನ ಫೈಸ್ಟೋಸ್ ಅರಮನೆಯ ದೊಡ್ಡ ಪಾವಟಿಗೆಗಳು ನಡುವೆ ಕೊಂಚ ಉಬ್ಬಿ ಎರಡೂ ತುದಿಗೆ ಇಳಿದಿವೆ, ಮಳೆನೀರು ನಿಲ್ಲದೆ ಹರಿದುಹೋಗುತ್ತದೆ. ನಡುವೆ ಮಾತ್ರ ಅಳೆದವರಿಗೆ ಇದು ತಿಳಿಯುತ್ತಲೇ ಇರಲಿಲ್ಲ.

ಬಾವಿಯಲ್ಲಿ ಇದಕ್ಕೆ ಉಲ್ಟಾ, ನಡುವೆ ಸವೆದು ತಗ್ಗಾಗಿರುತ್ತದೆ. ನೇರ ಪಟ್ಟಿ ಅಡ್ಡ ಇಟ್ಟು 10 ಸೆಂ.ಮೀ.ಗೊಮ್ಮೆ ತಗ್ಗಿನ ಆಳ ಬರೆಯಿರಿ. ಕಾಲಿನ ಸವೆತ ಮುಂದಿನ ಅಂಚಿನಲ್ಲಿ ಹೆಚ್ಚು, ನುಣುಪಾಗಿರುತ್ತದೆ. ನೀರು ಹರಿದ ಸವೆತ ಸಣ್ಣ ಕಾಲುವೆಯಂತೆ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ಎಲ್ಲಾ ಸವೆದಿರುವಲ್ಲಿ ಒಂದು ಪಾವಟಿಗೆ ಮಾತ್ರ ಚೂಪಾಗಿದ್ದರೆ ಅದು ಆಮೇಲೆ ಹಾಕಿದ್ದು. ಅರ್ಥವಿಲ್ಲದ ಜಾಗದಲ್ಲಿ ಗೂಟದ ತೂತು, ಕೆತ್ತನೆ, ಅಕ್ಷರ ಕಂಡರೆ ಬೇರೆಲ್ಲಿಂದಲೋ ತಂದ ಕಲ್ಲು. ಪಾವಟಿಗೆಯ ಕಲ್ಲು ಪಕ್ಕದ ಗೋಡೆಯೊಳಗೆ ಹೊಕ್ಕಿದೆಯೋ, ಗೋಡೆಯ ಮುಖಕ್ಕೆ ಬಂದು ನಿಂತಿದೆಯೋ ಎಂಬುದನ್ನು ಪ್ರತಿಯೊಂದಕ್ಕೂ ಬರೆಯಿರಿ. ಕೀಳುವಾಗ ಗೋಡೆ ಜೊತೆಗೆ ಬರುತ್ತದೆಯೋ ಇಲ್ಲವೋ ಎಂದೂ ಅದರಿಂದಲೇ ಗೊತ್ತಾಗುತ್ತದೆ.

ಮೇಲೆ ಕಾಣುವ ಮೊದಲ ಪಾವಟಿಗೆ ನಿಜಕ್ಕೂ ಮೊದಲನೆಯದೇ ಎಂದು ನಂಬಬೇಡಿ. ಫೈಸ್ಟೋಸ್‌ನಲ್ಲಿಯೇ ಹಳೆ ಅರಮನೆ ಬಿದ್ದ ಮೇಲೆ ಅಂಗಳವನ್ನು ತುಂಬಿ ಎತ್ತರಿಸಿದರು. ಹಳೆ ಪಾವಟಿಗೆ ಸಾಲಿನ ಕೆಳಭಾಗ ಅದರಡಿ ಹೂತುಹೋಯಿತು. ನಮ್ಮಲ್ಲಿ ರಸ್ತೆಗೆ ಗರಸು ಹಾಕಿ ಹಾಕಿ ನೆಲ ಏರಿರುತ್ತದೆ. ಮೇಲಿನ ಒಂದೆರಡು ಪಾವಟಿಗೆ ರಸ್ತೆಯ ಕೆಳಗೆ ಇರಬಹುದು.

ಫೋಟೋ ತಮ್ಮನ ಪಾಲಿಗೆ. ಮೋಡದ ದಿನ, ಇಲ್ಲವೇ ಬಾವಿಗೆ ಬಿಸಿಲು ಬೀಳುವ ಮೊದಲು. ಅರ್ಧ ಬಿಸಿಲು ಅರ್ಧ ನೆರಳು ಇದ್ದರೆ ಕತ್ತಲ ಭಾಗದಲ್ಲಿ ಏನೂ ಉಳಿಯುವುದಿಲ್ಲ. ಜೂಮ್ ಬೇಡ, ಫ್ಲ್ಯಾಶ್ ಬೇಡ, ಅಗಲವಾಗಿ ತೋರಿಸುವ ಲೆನ್ಸ್ ಬೇಡ. ಒಂದು ಫೋಟೋದ ಮೂರನೇ ಎರಡು ಭಾಗ ಮುಂದಿನದರಲ್ಲೂ ಬರುವಂತೆ ಸಣ್ಣ ಹೆಜ್ಜೆ ಇಡುತ್ತಾ ಹೋಗಲಿ. ಪಾವಟಿಗೆಗೆ ಎದುರಿನಿಂದ ಒಂದು ಸಾಲು, ಮೇಲಿನಿಂದ ಒಂದು ಸಾಲು, ಓರೆಯಾಗಿ ಒಂದು ಸಾಲು. ಓರೆ ಸಾಲು ಬಿಟ್ಟರೆ, ಫೋಟೋಗಳಿಂದ ಮಾದರಿ ಮಾಡುವ ಕಂಪ್ಯೂಟರಿಗೆ ಹಾಸನ್ನೂ ಮುಖವನ್ನೂ ಜೋಡಿಸಲು ಆಗುವುದಿಲ್ಲ. ಮಟ್ಟ ಮತ್ತು ಅಂತರ ಅಳೆದ ಆರು ಗುರುತಿನ ಚೀಟಿಗಳನ್ನಾದರೂ ಹರಡಿ ಅಂಟಿಸಿ, ಎಲ್ಲಾ ಒಂದೇ ಗೆರೆಯಲ್ಲಿ ಬೇಡ. ಆ ಫೋಟೋ ನನಗೆ ಕಳಿಸಿದರೆ ಮೂರು ಆಯಾಮದ ಮಾದರಿ ನಾನೇ ಮಾಡುತ್ತೇನೆ. ಆದರೆ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಮಾದರಿ ಎಷ್ಟೇ ಚೆಂದ ಬಂದರೂ ಸಂದಿಯೊಳಗಿನ ಮಣ್ಣು, ಬಡಿದರೆ ಟೊಳ್ಳು ಎನ್ನುವ ಕಲ್ಲು ಅದರಲ್ಲಿ ಬರುವುದಿಲ್ಲ. ಕೈಯಿಂದ ಬರೆದ ಹಾಳೆಯೇ ಮೂಲ.

ಹೂಳು ತೆಗೆಯುವಾಗ ಪಂಪ್ ಹಚ್ಚಿ ಒಂದೇ ದಿನಕ್ಕೆ ನೀರು ಖಾಲಿ ಮಾಡಿಸಬೇಡಿ ಅಪ್ಪ, ಇದನ್ನು ಕೈಮುಗಿದು ಹೇಳುತ್ತೇನೆ. ಗೋಡೆಯ ಹಿಂದಿನ ಎರೆ ನೀರು ಕುಡಿದು ಉಬ್ಬಿ ಒತ್ತುತ್ತಿರುತ್ತದೆ, ಮುಂದಿನಿಂದ ತಡೆದ ನೀರು ಹೋದರೆ ಉಬ್ಬಿದ ಗೋಡೆ ಬಾಯಿ ಬಿಡುತ್ತದೆ. ಸ್ವಲ್ಪ ಇಳಿಸಿ, ತೂಗುಗುಂಡಿನ ಅಳತೆ ನೋಡಿ, ಹಿಂದಿನ ನೀರು ಸಂದಿಗಳಿಂದ ಸೋರಿ ಹೋಗಲು ಬಿಟ್ಟು, ಮತ್ತೆ ಇಳಿಸಿ. ಹೂಳನ್ನು ಅರ್ಧ ಮೀಟರಿಗೊಂದು ಬೇರೆ ಗುಡ್ಡೆ ಹಾಕಿ. ಅದರೊಳಗೆ ಬಿದ್ದ ಕಟ್ಟಡದ ಕಲ್ಲು ಸಿಕ್ಕರೆ ಯಾವ ಪಾವಟಿಗೆಯ ಎದುರು, ಎಷ್ಟು ಆಳ ಎಂದು ಬರೆದರೆ ಎಲ್ಲಿಂದ ಬಿದ್ದದ್ದು ಎಂದು ಹುಡುಕಬಹುದು. ಮೂರ್ತಿ, ಶಾಸನ ಸಿಕ್ಕರೆ ಎತ್ತುವ ಮೊದಲೇ ಇಲಾಖೆಗೆ ಫೋನ್ ಹೋಗಲಿ.

ಕಿತ್ತು ಕೂಡಿಸಲೇಬೇಕಾದ ಕಲ್ಲಿಗೆ ಚಿತ್ರದಲ್ಲಿರುವ ಸಂಖ್ಯೆಯನ್ನೇ ಕೊಡಿ. ಸೀಮೆಸುಣ್ಣ ಮೊದಲ ಮಳೆಗೆ ಹೋಗುತ್ತದೆ. ಮುಖದ ಮೇಲೆ ಆಯಿಲ್ ಪೇಂಟ್ ಹಚ್ಚಿದರೆ ಎಂದಿಗೂ ಹೋಗುವುದಿಲ್ಲ. ಮತ್ತೆ ಕೂಡಿಸಿದಾಗ ಮುಚ್ಚಿಹೋಗುವ ಮೇಲ್ಬದಿಯಲ್ಲಿ ಸಣ್ಣದಾಗಿ ಸಂಖ್ಯೆ, ಹೊರಮುಖದ ಕಡೆಗೆ ಒಂದು ಬಾಣ. ನೆಲದ ಮೇಲೂ ಅದೇ ವರಸೆ, ಅದೇ ಸಾಲಿನಲ್ಲಿ ಹಾಸಿಡಿ. ಹೊಸ ಕಲ್ಲು ಹಾಕಿದಲ್ಲಿ ಚಿತ್ರದಲ್ಲಿ ತುಂಡುಗೆರೆ ಎಳೆದು ಇಸವಿ ಬರೆಯಿರಿ. ಇಲ್ಲಿನ ಕ್ನೋಸೋಸ್ ಅರಮನೆಯಲ್ಲಿ 1920ರ ದಶಕದಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಭಾಗಗಳು ಬಹಳ ಇವೆ. ನೋಡಲು ಬಂದವರಿಗೆ ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂದು ತಿಳಿಯುವುದು ಕಷ್ಟ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಆ ಕಾಂಕ್ರೀಟೇ ಬಿರಿದು, ಈಗ ದುರಸ್ತಿಗೇ ದುರಸ್ತಿ ನಡೆದಿದೆ. ಬಾವಿಯ ಸಂದಿಗೆ ಸಿಮೆಂಟ್ ತುಂಬಿದರೆ ಹಿಂದಿನ ನೀರಿಗೆ ದಾರಿಯಿಲ್ಲದೆ ಗೋಡೆ ಮುಂದೆ ಬರುತ್ತದೆ. ಗಚ್ಚು ಇದ್ದಲ್ಲಿ ಸುಣ್ಣದ ಗಚ್ಚು, ಇಲ್ಲದಲ್ಲಿ ಚಕ್ಕೆಗಲ್ಲು.

ಮೊದಲು ಮೂಡಣ ಗೋಡೆಯ ಒಂದು ಮೀಟರ್ ಬರೆದು ಆ ಹಾಳೆಯ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ. ಪ್ರತಿ ಹಾಳೆಯ ಮೂಲೆಯಲ್ಲೂ ತಾರೀಖು, ಪ್ರಮಾಣ, ಉತ್ತರ ದಿಕ್ಕು, ಅಳೆದವರ ಮತ್ತು ಬರೆದವರ ಹೆಸರು ಇರಲಿ. ಕೆಳಗೆ ಇಳಿದಾಗ ಮೇಲೆ ಒಬ್ಬರು ಸದಾ ನಿಂತಿರಲಿ. ಅವ್ವನಿಗೆ, ಕಾಕಾನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು