ಸೀನನಿಗೊಂದು ಪತ್ರ: ಮೂರನೆಯವನ ಗಾಲಿ

ಪ್ರೀತಿಯ ಸೀನ,

ನೀನು ನಮ್ಮ ಸೈಕಲ್ ಗ್ರೂಪಿನಲ್ಲಿ ಕೇಳಿದ ಪ್ರಶ್ನೆಗೆ ಎಲ್ಲರೂ ಉತ್ತರ ಕೊಟ್ಟರು, ನಾನೊಬ್ಬ ಕೊಟ್ಟಿರಲಿಲ್ಲ. 'ಸೈಕಲ್ ರೇಸ್ ಬಿಟ್ಟ ಚಾಂಪಿಯನ್‌ಗಳಲ್ಲಿ ಒಬ್ಬರ ಜೊತೆ ಒಂದು ಗಂಟೆ ಸಿಕ್ಕರೆ ಯಾರನ್ನ ಭೇಟಿ ಮಾಡ್ತೀರಿ?' ಅಂತ ಕೇಳಿದ್ದೆ. ಡಾಕ್ಟ್ರು ಹಿಂದೆಮುಂದೆ ನೋಡದೆ ಎಡ್ಡಿ ಮರ್ಕ್ಸ್ ಅಂದರು. ಶೆಟ್ಟರು ಇಂಡುರಾಯಿನ್ ಅಂದರು. ಆಮೇಲೆ ಶುರುವಾಯಿತಲ್ಲ ಜಟಾಪಟಿ! ಇಬ್ಬರೂ ಐದೈದು ಸಲ ಟೂರ್ ಡಿ ಫ್ರಾನ್ಸ್ ಅನ್ನೋ ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಗೆದ್ದವರೇ, ಆದರೆ 1991ರಿಂದ 1995ರವರೆಗೆ ಒಂದೂ ಬಿಡದೆ ಗೆದ್ದವನು ನಮ್ಮವನು ಅಂತ ಶೆಟ್ಟರು. 1972ರಲ್ಲಿ ಮೆಕ್ಸಿಕೋದಲ್ಲಿ ಒಂದೇ ಗಂಟೆಗೆ 49.431 ಕಿ.ಮೀ. ತುಳಿದವನು ಯಾರು ಸ್ವಾಮಿ ಅಂತ ಡಾಕ್ಟ್ರು. ನಡುರಾತ್ರಿವರೆಗೂ ಫೋನ್ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು.

ನೀನು ಮಾತ್ರ ಹಾಲೆಂಡಿನ ಜೂಪ್ ಝೂಟೆಮೆಲ್ಕ್ ಅಂದೆ. ಎಲ್ಲರೂ ನಿನ್ನ ಮೇಲೆ ಬಿದ್ದರು. ಹಾಲೆಂಡಿನ ಐಂಡ್‌ಹೋವನ್ ಊರು ಸೇರಿದ್ದೇ ತಡ, ಡಚ್ಚರ ಪಾರ್ಟಿ ಆಗಿಬಿಟ್ಟ ಅಂದರು. ಆ ಕಾಲದ ಹಳೇ ಜೋಕನ್ನೂ ಶೆಟ್ಟರು ಎತ್ತಿದರು. ಝೂಟೆಮೆಲ್ಕ್ ಮೈ ಬಿಸಿಲಿಗೆ ಯಾಕೆ ಕಪ್ಪಾಗಲ್ಲ? ಟೂರ್ ಪೂರ್ತಿ ಮರ್ಕ್ಸ್ ನೆರಳಲ್ಲೇ ಇರ್ತಾನಲ್ಲ! ನೀನು ಒಂದು ನಗುಮುಖ ಹಾಕಿ ಸುಮ್ಮನಾದೆ. ಯಾಕೆ ಆ ಹೆಸರು ಅಂತ ಹೇಳಲೇ ಇಲ್ಲ. ಈಗ ನನಗೆ ಗೊತ್ತಾಗಿದೆ ಅನ್ನಿಸುತ್ತಿದೆ. ಎಲ್ಲರೂ ಓದುವ ಜಾಗದಲ್ಲಿ ಈ ಪತ್ರ ಹಾಕುತ್ತಿದ್ದೇನೆ, ಬೈಯಬೇಡ. ನಿನಗೊಬ್ಬನಿಗೇ ಬರೆಯಲು ಕೂತರೆ ನಾನು ಎರಡು ಸಾಲಿಗೆ ಎದ್ದು ಹೋಗುತ್ತೇನೆ.

ವಿಷಯ ಏನಪ್ಪಾ ಅಂದ್ರೆ, ಡಾಕ್ಟ್ರು, ಶೆಟ್ಟರು, ನಾನು ವಿಜಯಪುರಕ್ಕೆ ಹೋಗಿದ್ದೆವು. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು. ಗೋಲಗುಮ್ಮಟ ನೋಡೋಣ, ಒಂದೆರಡು ಉದ್ದದ ರೈಡ್ ಮಾಡೋಣ ಅಂತ ಪ್ಲ್ಯಾನು. ಡಾಕ್ಟ್ರ ಪರಿಚಯದವರೊಬ್ಬರು ಅಲ್ಲಿನ ಒಬ್ಬ ಹಳೇ ಚಾಂಪಿಯನ್‌ಗೆ ಫೋನ್ ಮಾಡಿ ಹೇಳಿದ್ದರು. ರಾಷ್ಟ್ರೀಯ ಮಟ್ಟದಲ್ಲಿ ಪದಕ ತಂದವರು. ಹೆಸರು ಬರೆಯೋಲ್ಲ, ಅವರಿಗೆ ಅದು ಇಷ್ಟ ಇಲ್ಲ. ಸರ್ ಅಂತಲೇ ಕರೆಯುತ್ತೇನೆ.

ಓದುತ್ತಿರುವ ಬೇರೆಯವರಿಗೆ ಒಂದು ಮಾತು. ನಾವು ಬೆಂಗಳೂರಿನವರು ಸೈಕ್ಲಿಂಗ್ ಅಂದರೆ ನಂದಿಬೆಟ್ಟ, ದುಬಾರಿ ಕಾರ್ಬನ್ ಸೈಕಲ್, ಬೆಟ್ಟದ ಮೇಲಿನ ಫೋಟೋ ಅಂದುಕೊಂಡಿರುತ್ತೇವೆ. ಕರ್ನಾಟಕಕ್ಕೆ ಸೈಕಲ್‌ನಲ್ಲಿ ಪದಕ ತಂದವರ ಊರು ಕೇಳುತ್ತಾ ಹೋಗಿ. ವಿಜಯಪುರ, ಬಾಗಲಕೋಟೆ, ಜಮಖಂಡಿ, ಬೆಳಗಾವಿ, ಗದಗ ಅಂತಲೇ ಜಾಸ್ತಿ ಕೇಳಿಸುತ್ತದೆ. ಜಾತ್ರೆ ಬಂದರೆ ಕುಸ್ತಿಯ ಹಾಗೆ ಅಲ್ಲಿ ಸೈಕಲ್ ರೇಸ್ ಕೂಡ ಇರುತ್ತದೆ. ಸರ್ ಶುರು ಮಾಡಿದ್ದೂ ಹಾಗೇ. ಅಪ್ಪನ ಕಬ್ಬಿಣದ ಸೈಕಲ್, ಗಿಯರ್ ಇಲ್ಲ, ಮಡ್‌ಗಾರ್ಡ್ ಬಿಚ್ಚಿಟ್ಟು ಜಾತ್ರೆ ರೇಸಿಗೆ ಇಳಿದಿದ್ದರಂತೆ. ಗೆದ್ದದ್ದು ಒಂದು ತಾಮ್ರದ ಕೊಡ. ಅಲ್ಲಿಂದ ಸ್ಪೋರ್ಟ್ಸ್ ಹಾಸ್ಟೆಲ್, ಅಲ್ಲಿಂದ ನ್ಯಾಷನಲ್ಸ್, ಅಲ್ಲಿಂದ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ. ಆ ಕೊಡ ಇನ್ನೂ ಮನೆಯಲ್ಲಿದೆ. ಅದರಲ್ಲೇ ನಮಗೆ ಕುಡಿಯೋಕೆ ನೀರು ಕೊಟ್ಟರು.

ಶೆಟ್ಟರು ದಾರಿ ಉದ್ದಕ್ಕೂ ಪ್ರಶ್ನೆ ತಯಾರು ಮಾಡಿಕೊಂಡು ಬಂದಿದ್ದರು. ವ್ಯಾಟ್ ಎಷ್ಟು, ಹೃದಯ ಬಡಿತ ಎಷ್ಟು, ಊಟ ಏನು. ಸರ್ ಯಾವುದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ಹೊರಗೆ ಬಂದು ನಮ್ಮ ಸೈಕಲ್ ನೋಡಲು ಶುರು ಮಾಡಿದರು. ಆ ನೋಡುವ ರೀತಿ ನೀನು ನೋಡಬೇಕಿತ್ತು ಸೀನ! ನನ್ನ ಸೈಕಲ್ಲಿನ ಸೀಟು ಹಿಡಿದು ಹಿಂದಿನ ಗಾಲಿ ಎತ್ತಿದರು. ಇನ್ನೊಂದು ಕೈಯಿಂದ ಪೆಡಲ್ ಒಂದು ಸುತ್ತು ತಿರುಗಿಸಿ ಬಿಟ್ಟರು. ಕಿವಿ ಹತ್ತಿರ ತಂದು ಕೇಳಿದರು. ಚೈನನ್ನು ಹೆಬ್ಬೆರಳಲ್ಲಿ ಒತ್ತಿ ಪಕ್ಕಕ್ಕೆ ಬಾಗಿಸಿದರು. ಬೆರಳಿಗೆ ಹತ್ತಿದ ಎಣ್ಣೆಯನ್ನು ಮೂಸಿ ಪಂಚೆಗೆ ಒರೆಸಿಕೊಂಡರು. ಆಮೇಲೆ ನನ್ನ ಶೂ ಕೇಳಿ ಇಸಕೊಂಡರು, ತಿರುಗಿಸಿ ಕೆಳಗಿನ ಕ್ಲೀಟ್, ಅಂದರೆ ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು, ನೋಡಿದರು. ಎಡಗಡೆಯದು ಸವೆದಿದೆ, ಬಲಗಡೆಯದು ಹೊಸದರ ಹಾಗೇ ಇದೆ. 'ಭಾಳ ಸಲ ನಿಂತು ನಿಂತು ಹೋಗ್ತೀರೇನ್ರಿ?' ಅಂತ ಕೇಳಿದರು. ಪ್ರತಿ ಸಲ ನಿಂತಾಗ ನಾನು ಊರುವುದು ಎಡಗಾಲು. ನಾನು ಹೂಂ ಅಂದೆ. ಅವರು ಮತ್ತೇನೂ ಕೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ಬರ್ರಿ ಅಂದರು. ಬಂದರೆ ಅವರು ಟಿವಿಎಸ್ ಎಕ್ಸೆಲ್ ಹತ್ತಿ ನಿಂತಿದ್ದಾರೆ, ತಲೆಗೆ ಟವೆಲ್ ಸುತ್ತಿಕೊಂಡು! ಅವರು ಈಗ ಸೈಕಲ್ ತುಳಿಯುವುದಿಲ್ಲ. ಹುಡುಗರಿಗೆ ಮುಂದೆ ಗಾಡಿ ಓಡಿಸುತ್ತಾರೆ, ಹುಡುಗರು ಅದರ ಹಿಂದೆ ಅಂಟಿಕೊಂಡು ತುಳಿಯುತ್ತಾರೆ. ಗಾಳಿಯನ್ನು ಗಾಡಿ ಸೀಳಿಕೊಡುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ನೂಕಲು ಬೇಕಾದ ಶಕ್ತಿ ಎಂಟು ಪಟ್ಟು. ನಾವು ಇದನ್ನು ಎಷ್ಟು ಸಲ ಚರ್ಚೆ ಮಾಡಿಲ್ಲ ಹೇಳು! ಆದರೆ ವಿಜಯಪುರದ ಬಯಲಿನ ಗಾಳಿಯಲ್ಲಿ, ಎಕ್ಸೆಲ್ ಹಿಂದೆ ಒಂದು ಗೇಣು ಬಿಟ್ಟು ಕೂತಾಗ ಮಾತ್ರ ಮೈಗೆ ಅದು ಅರ್ಥವಾಗುವುದು. ಒಂದು ಮಾರು ಹಿಂದೆ ಬಿದ್ದರೆ ಸಾಕು, ಯಾರೋ ಎದೆ ಮೇಲೆ ಕೈಯಿಟ್ಟು ತಳ್ಳಿದ ಹಾಗಾಗುತ್ತದೆ.

ಹೆದ್ದಾರಿ ಬಿಟ್ಟು ಜೋಳದ ಹೊಲಗಳ ನಡುವಿನ ರಸ್ತೆ ಹಿಡಿದೆವು. ಎಡಗಡೆಯಿಂದ ಗಾಳಿ. ಡಾಕ್ಟ್ರು ಮುಂದೆ, ಆಮೇಲೆ ಶೆಟ್ಟರು, ಕೊನೆಗೆ ನಾನು, ಎಂದಿನ ಹಾಗೆ. ನಾನು ಶೆಟ್ಟರ ಹಿಂದಿನ ಗಾಲಿಗೆ ನೇರವಾಗಿ ಕೂತಿದ್ದೆ. ಸರ್ ತಿರುಗಿ ನೋಡಿ ಕೂಗಿದರು, 'ಬೆನ್ನಿಗೆ ಅಲ್ರೀ, ಬಲಕ್ಕ ಸರೀರಿ! ಗಾಳಿ ಎಡಕ್ಕೈತಿ, ನೆರಳು ಬಲಕ್ಕೈತಿ!' ಸ್ವಲ್ಪ ಬಲಕ್ಕೆ ಸರಿದೆ. ನಿಜ ಹೇಳ್ತೀನಿ, ಯಾರೋ ಬಾಗಿಲು ಹಾಕಿದ ಹಾಗೆ ಗಾಳಿ ನಿಂತುಹೋಯಿತು. ಇಷ್ಟು ವರ್ಷ ಸೈಕಲ್ ತುಳಿದಿದ್ದೇನೆ, ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಇದಲ್ಲ. ಅವರು ಗಾಡಿ ಓಡಿಸುತ್ತಾ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಡಾಕ್ಟ್ರನ್ನಲ್ಲ, ನನ್ನನ್ನು. ನನಗೆ ಉಸಿರು ಹೆಚ್ಚಾದರೆ ಎಕ್ಸಲೇಟರ್ ಒಂದು ಚೂರು ಕಮ್ಮಿ. ನಾನು ಸುಧಾರಿಸಿಕೊಂಡರೆ ಮತ್ತೆ ಒಂದು ಚೂರು ಜಾಸ್ತಿ. ಒಂದು ಸಲವೂ ಗಾಡಿ ನಿಲ್ಲಿಸಿ ಕಾಯಲಿಲ್ಲ. ವಾಪಸ್ ಬಂದು ನೋಡಿದರೆ ಮೀಟರಿನಲ್ಲಿ ಇದ್ದ ಸರಾಸರಿ ವೇಗ ನಾನು ಒಬ್ಬನೇ ಯಾವತ್ತೂ ಕಾಣದ್ದು.

ಮನೆಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಹಾಕಿ ಕೂರಿಸಿದಾಗ ಯಾಕೆ ಹಾಗೆ ನನ್ನನ್ನೇ ನೋಡ್ತಿದ್ರಿ ಸರ್ ಅಂತ ಕೇಳಿದೆ. ಅವರ ಪದಕ ಟೀಮ್ ಟೈಮ್ ಟ್ರಯಲ್‌ನಲ್ಲಿ ಬಂದದ್ದು. ನಾಲ್ವರು ಒಟ್ಟಿಗೆ ಹೊರಡುತ್ತಾರೆ, ಸರದಿ ಪ್ರಕಾರ ಮುಂದೆ ಬಂದು ಗಾಳಿ ತಡೆಯುತ್ತಾರೆ, ಮೂರನೆಯವನು ಗೆರೆ ದಾಟಿದ ಹೊತ್ತೇ ತಂಡದ ಟೈಮ್. 'ನಾಲ್ಕು ಮಂದಿ ಹೊಂಟ್ರೂ ಟೈಮ್ ಮೂರನೇದಾಂವನ ಗಾಲಿಗೆ ರೀ,' ಅಂದರು. 'ನಾಕನೇದಾಂವ ಬಿಟ್ರೂ ನಡೀತೈತಿ. ಮೂರನೇದಾಂವ ಬಿಟ್ಟಾ ಅಂದ್ರ ಮುಂದಿನಾಂವ ಎಷ್ಟ್ ಜೋರ್ ಇದ್ರೇನು? ಅವನ ಉಸಿರು ಕೇಳ್ಕೋತ ಹೊಡೀಬೇಕು.'

ರೇಸ್ ಬಿಟ್ಟ ಮೇಲೆ ಕೆಲವು ವರ್ಷ ಅವರು ಸೈಕಲ್ ಮುಟ್ಟಿರಲಿಲ್ಲವಂತೆ. ತಾವೇ ಕಲಿಸಿದ ಹುಡುಗರು ಪಕ್ಕದಲ್ಲಿ ದಾಟಿ ಹೋಗುವುದನ್ನು ನೋಡಲು ಆಗುತ್ತಿರಲಿಲ್ಲ ಅಂದರು. ಯಾರೋ ಮುಂದೆ ಗಾಡಿ ಓಡಿಸಿ ಅಂತ ಕೇಳಿದಾಗ ಒಪ್ಪಿಕೊಂಡರು. 'ಈಗ ನಂದು ಗಾಳಿ ತಡಿಯೋ ಕೆಲಸ' ಅಂದು ಇನ್ನೊಂದು ಹೋಳಿಗೆ ನನ್ನ ತಟ್ಟೆಗೆ ಹಾಕಿದರು. ತುಪ್ಪ ಬೇಡ ಅಂದರೂ ಕೇಳಲಿಲ್ಲ.

ಸೀನ, ಅವತ್ತಿನಿಂದ ಒಂದು ವಿಷಯ ಕೊರೆಯುತ್ತಿದೆ. ಮಳೆಗಾಲ ಶುರುವಾದಾಗಿನಿಂದ ನಾನು ಭಾನುವಾರದ ರೈಡಿಗೆ ಹೋಗುವುದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ಯಾರಿಗೂ ಕಾರಣ ಹೇಳಿಲ್ಲ. ನಂದಿ ಹತ್ತುವಾಗ ಅವರೆಲ್ಲ ಮೇಲೆ ಹೋಗಿ ನನಗಾಗಿ ಕಾಯುತ್ತಾರೆ. ಒಳ್ಳೆಯವರು, ಪ್ರೀತಿಯಿಂದಲೇ ಕಾಯುತ್ತಾರೆ. ನಾನು ತಲುಪುವಾಗ ಅವರ ಟೀ ಮುಗಿದಿರುತ್ತದೆ, ಜಾಕೆಟ್ ಹಾಕಿಕೊಂಡು ಇಳಿಯಲು ರೆಡಿ ಆಗಿರುತ್ತಾರೆ. 'ಆರಾಮಾಗಿ ಬಾ ಗುರು, ಅರ್ಜೆಂಟೇನಿಲ್ಲ' ಅನ್ನುತ್ತಾರೆ. ಆ ಮಾತು ಚುಚ್ಚುತ್ತದೆ ಕಣೋ. ನನಗೆ ಈಗ 46. ಇನ್ನು ಮುಂದೆ ಪ್ರತಿ ವರ್ಷ ಅವರು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಅಲಾರಾಂ ಹೊಡೆಯುತ್ತದೆ, ಅದನ್ನು ಆಫ್ ಮಾಡಿ ಸೂರು ನೋಡುತ್ತಾ ಮಲಗಿರುತ್ತೇನೆ. ಹೆಂಡತಿ ಹುಷಾರಿಲ್ವಾ ಅಂತ ಕೇಳುತ್ತಾಳೆ.

ನೀನಿದ್ದಾಗ ಹೀಗಿರಲಿಲ್ಲ. ಕೊನೆಯಲ್ಲಿ ನಾವು ಇಬ್ಬರಿರುತ್ತಿದ್ದೆವು. ಮಾತಾಡುತ್ತಾ ಹತ್ತುತ್ತಿದ್ದೆವು, ಆ ಚಿಕ್ಕಬಳ್ಳಾಪುರದ ಕೋಳಿ ಕಥೆ ಎಷ್ಟನೇ ಸಲವೋ ಹೇಳಿಕೊಂಡು. ನಿನಗೂ ನನ್ನಷ್ಟೇ ಆಗುವುದು ಅಂತ ನಾನು ನಂಬಿದ್ದೆ. ಮೊನ್ನೆ ನೀನು ಹಾಲೆಂಡಿನ ಕೌಬರ್ಗ್ ಬೆಟ್ಟ ಹತ್ತಿದ್ದು, ರೈಡ್ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ನೋಡಿದೆ. ಸಣ್ಣ ಬೆಟ್ಟ ಸರಿ, ಹೆಚ್ಚೆಂದರೆ ಒಂದು ಕಿಲೋಮೀಟರಿನ ಮೇಲೆ ಸ್ವಲ್ಪ. ಆದರೆ ಆ ವೇಗ! ಡಾಕ್ಟ್ರಿಗೂ ಆ ವೇಗ ಬರುವುದಿಲ್ಲ. ಒಂದೇ ವರ್ಷದಲ್ಲಿ ಯಾರಿಗೂ ಅಂಥ ಕಾಲು ಬರುವುದಿಲ್ಲ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಇಷ್ಟು ವರ್ಷ ನೀನು ನನಗಾಗಿ ಕಾಲು ತಡೆದುಕೊಂಡು ತುಳಿಯುತ್ತಿದ್ದೆ. ಒಂದು ದಿನವೂ ನನಗೆ ಗೊತ್ತಾಗದ ಹಾಗೆ.

ಅದಕ್ಕೇ ಝೂಟೆಮೆಲ್ಕ್ ಅಲ್ವಾ? ಮನೆಗೆ ಬಂದು ಅವನ ಕಥೆ ಮತ್ತೆ ಮೊದಲಿಂದ ಓದಿದೆ. ಆರು ಸಲ ಟೂರ್‌ನಲ್ಲಿ ಎರಡನೇ ಸ್ಥಾನ. 1980ರಲ್ಲಿ ಕೊನೆಗೂ ಗೆದ್ದ. ಹದಿನಾರು ಟೂರ್ ಶುರು ಮಾಡಿ ಹದಿನಾರನ್ನೂ ಮುಗಿಸಿದ. 1985ರಲ್ಲಿ, 38ರ ವಯಸ್ಸಲ್ಲಿ ವಿಶ್ವ ಚಾಂಪಿಯನ್. ಇದೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಒಂದಿತ್ತು. ಅವನಿಗೆ ಮೊದಲ ದೊಡ್ಡ ಚಿನ್ನ ಬಂದದ್ದು 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ, 100 ಕಿ.ಮೀ. ಟೀಮ್ ಟೈಮ್ ಟ್ರಯಲ್‌ನಲ್ಲಿ. ನಾಲ್ವರು ಡಚ್ ಹುಡುಗರು, ಟೈಮ್ ಮೂರನೆಯವನ ಗಾಲಿಗೆ. ಬೇರೆಯವರ ನೆರಳಲ್ಲಿ ಇದ್ದ ಅಂತ ಅವನನ್ನು ನಗೆಯಾಡಿದವರು ಇದನ್ನು ಮರೆತಿದ್ದರು. ನೀನು ಮರೆತಿರಲಿಲ್ಲ. ಗ್ರೂಪಿನಲ್ಲಿ ನಿನ್ನ ಕಾಲೆಳೆಯುತ್ತಿದ್ದಾಗ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಹೋಗುತ್ತೇನೆ. ಬೆಟ್ಟದ ಮೇಲೆ ಕಾಯಬೇಡಿ, ಒಬ್ಬರಾದರೂ ಜೊತೆಗೆ ಬನ್ನಿ ಅಂತ ಡಾಕ್ಟ್ರಿಗೆ ನಾನೇ ಕೇಳುತ್ತೇನೆ. ಇದನ್ನು ಓದಿ ಅವರಿಗೆ ಮೊದಲೇ ಗೊತ್ತಾಗಿರುತ್ತದೆ, ಬಾಯಿಬಿಟ್ಟು ಕೇಳುವ ಕಷ್ಟವೂ ತಪ್ಪಿತು. ಡಾಕ್ಟ್ರೇ, ಬಲಕ್ಕೆ ಸರಿಯೋದು ಈಗ ನನಗೆ ಬರುತ್ತೆ, ಚಿಂತೆ ಬೇಡ.

ಸಾಕು, ಜಾಸ್ತಿ ಆಯಿತು. ನೀನು ಡಿಸೆಂಬರ್‌ನಲ್ಲಿ ಬರುವುದು ಖಾತ್ರಿ ತಾನೇ? ಸೈಕಲ್ ಪ್ಯಾಕ್ ಮಾಡಿಕೊಂಡು ಬರುವ ಗೋಜಿಗೆ ಹೋಗಬೇಡ, ನಿನ್ನ ಹಳೆಯದು ನಮ್ಮ ಮನೆಯಲ್ಲೇ ಇದೆ. ಟೈರ್ ಹೊಸದು ಹಾಕಿಸಿದ್ದೇನೆ, ಚೈನಿಗೆ ಸರ್ ಹೇಳಿದ ಎಣ್ಣೆಯನ್ನೇ ಬಿಟ್ಟಿದ್ದೇನೆ. ಕೌಬರ್ಗ್ ಕೌಬರ್ಗ್ ಅಂತ ಜಂಬ ಕೊಚ್ಚಿಕೊಂಡಿದ್ದೀಯಲ್ಲ, ಈ ಸಲ ನಂದಿಯಲ್ಲಿ ನೀನು ಪೂರ್ತಿ ಜೋರಾಗಿ ತುಳಿಯುವುದನ್ನು ಒಂದು ಸಲ ನನಗೆ ನೋಡಬೇಕು. ಮೇಲೆ ಹೋಗಿ ಟೀ ಕುಡಿದು ವಾಪಸ್ ಇಳಿದು ಬಾ, ಎರಡನೇ ಸಲ ಇಬ್ಬರೂ ಹತ್ತೋಣ. ಟಿಕೆಟ್ ಆದ ತಕ್ಷಣ ತಾರೀಖು ಮೊದಲು ನನಗೆ ಹೇಳು, ಗ್ರೂಪಿಗೆ ಹಾಕಬೇಡ. ಶೆಟ್ಟರಿಗೆ ಗೊತ್ತಾದರೆ ನಮ್ಮನ್ನು ಕೇಳದೆ ಇಬ್ಬರ ಹೆಸರನ್ನೂ 200 ಕಿ.ಮೀ. ಬ್ರೆವೆಗೆ, ಅಂದರೆ ಹೊತ್ತಿನೊಳಗೆ ಮುಗಿಸಬೇಕಾದ ಉದ್ದದ ರೈಡಿಗೆ, ಬರೆಸಿಬಿಡುತ್ತಾರೆ. ತಿಪಟೂರಿನ ಇಡ್ಲಿ ನೆನಪಿದೆಯಲ್ಲ?

ನಿನ್ನ,
ಗಿರಿ