ಖಾಲಿ ಬಿಟ್ಟ ಖಾನೆ

ಹಾಸನ
ಡಿಸೆಂಬರ್ 17, ರಾತ್ರಿ

ಪುಟ್ಟೀ,

ನೀನು ಫೋನ್ ಇಟ್ಟ ಮೇಲೆ ನಾನು ವಾಪಸ್ ಮಾಡಲಿಲ್ಲ. ಮಾಡಿದ್ದರೆ ಬಾಯಿಗೆ ಅದೇ ಮಾತು ಬರುತ್ತಿತ್ತು: "ಕಳಿಸೋ ಮುಂಚೆ ಒಂದ್ಸಲ ಓದ್ಕೊಳ್ಳೋಕೆ ಏನಾಗಿತ್ತು?" ಅಮೆರಿಕದ ಯೂನಿವರ್ಸಿಟಿಗಳಿಗೆ ಹಾಕಿದ 7 ಅರ್ಜಿಗೆ 50 ಸಾವಿರ ದಾಟಿತು ಅನ್ನೋ ಲೆಕ್ಕವನ್ನು ನೀನು ಅಳುತ್ತಿರುವಾಗ ತೆಗೆಯಬಾರದಿತ್ತು. ಅದೂ ನಿನ್ನ ಸಂಬಳದ ದುಡ್ಡು, ನನ್ನದಲ್ಲ. ತಪ್ಪಾಯಿತು.

ನೀನು ಸಂಜೆ ಕಳಿಸಿದ ಪಿಡಿಎಫ್‌ಗಳನ್ನು ಊಟ ಆದ ಮೇಲೆ ಕೂತು ಓದಿದೆ, ಏಳನ್ನೂ. ನಾಲೆಯ ಒಂದು ತುಂಡಿಗೆ ಎರಡೂ ಕಡೆ ಅಡ್ಡ ಕಟ್ಟಿ, ನೀರು ನಿಲ್ಲಿಸಿ, ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ಅಳೆದು, ಆವಿಯಾದದ್ದನ್ನು ಕಳೆದು, ಬಸಿದು ಹೋದದ್ದನ್ನು ಹಿಡಿದಿರಲ್ಲ, ಆ ಪ್ಯಾರಾ ಎರಡು ಸಲ ಓದಿದೆ. ಒಳಹರಿವಿನಲ್ಲಿ ಹೊರಹರಿವು ಕಳೆಯೋದು ಸುಲಭ, ಆದರೆ ಸಣ್ಣ ನಾಲೆಯಲ್ಲಿ ಅಳತೆಯ ದೋಷವೇ ಸೋರಿಕೆಗಿಂತ ದೊಡ್ಡದಾಗುತ್ತೆ ಅಂತ ಒಂದೇ ಸಾಲಿನಲ್ಲಿ ಹೇಳಿದ್ದೀಯ. ಚೆನ್ನಾಗಿದೆ. ಹೇಮಾವತಿ ನಾಲೆ ಮೇಲೆ ಅಪ್ರಾನ್ ತರಹ ಟವೆಲ್ ಕಟ್ಟಿಕೊಂಡು ನಿಂತಿದ್ದ ಹುಡುಗಿ ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ನೀನು ಅತ್ತ ವಿಷಯ. ಇಂಡಿಯಾನಾದವರಿಗೆ ಹೋದ ಎಸ್‌ಒಪಿಯ, ಅಂದರೆ ಯಾಕೆ ಅಲ್ಲಿ ಓದಬೇಕು ಅಂತ ನೀನು ಬರೆದ ಪತ್ರದ, ಕೊನೆ ಪ್ಯಾರಾದಲ್ಲಿ ಟೆಕ್ಸಾಸಿನವರ ಹೆಸರು ಉಳಿದಿದೆ. ಹೇಗೆ ಉಳಿಯಿತು ಅನ್ನೋದೂ ಕಾಣುತ್ತೆ. ಪೂರ್ತಿ ಹೆಸರನ್ನು ಫೈಂಡ್-ರಿಪ್ಲೇಸ್‌ನಲ್ಲಿ ಮೂರು ಕಡೆ ಬದಲಾಯಿಸಿದ್ದೀಯ. ನಾಲ್ಕನೇ ಕಡೆ ಇದ್ದದ್ದು ಕಿರುಹೆಸರು, ಮೂರೇ ಅಕ್ಷರ. ನೀನು ಹುಡುಕಿದ ಪದ ಅದಲ್ಲವಾದ್ದರಿಂದ ಕಂಪ್ಯೂಟರ್ ಅದನ್ನು ಮುಟ್ಟಲಿಲ್ಲ. ಅಲ್ಲಿನ ರಾತ್ರಿ 11.59 ಅಂದರೆ ನಮಗೆ 16ರ ಬೆಳಿಗ್ಗೆ 10.29 ಅಂತ ಲೆಕ್ಕ ಹಾಕಿ 10.20ಕ್ಕೆ ಸಬ್‌ಮಿಟ್ ಒತ್ತಿದೆಯಲ್ಲ, ಆ ಲೆಕ್ಕ ಸರಿ. ಆದರೆ ಕೊನೆ ಒಂಬತ್ತು ನಿಮಿಷದಲ್ಲಿ ಕಣ್ಣು ಓದಲ್ಲ, ಬರೀ ಜಾರುತ್ತೆ. ಅರ್ಜಿಯನ್ನು ಹಿಂದಿನ ದಿನ ಮುಗಿಸಿ, ಪೋರ್ಟಲ್ಲೇ ಜೋಡಿಸಿ ತೋರಿಸೋ ಪಿಡಿಎಫನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು... ಬಿಡು, ಮತ್ತೆ ಶುರು ಮಾಡಿದೆ.

ಅರ್ಜಿ ಓದೋರು ಈ ತಪ್ಪನ್ನು ಪ್ರತಿ ವರ್ಷ ನೋಡುತ್ತಾರೆ. ಮುಖ ಸಿಂಡರಿಸುತ್ತಾರೆ, ಆಮೇಲೆ ಮಾರ್ಕ್ಸ್ ಕಾರ್ಡು, ಪ್ರಾಜೆಕ್ಟು, ಶಿಫಾರಸು ಪತ್ರದ ಕಡೆಗೆ ಹೋಗುತ್ತಾರೆ. ಅದೊಂದಕ್ಕೇ ಯಾರೂ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕಲ್ಲ ಅಂತ ಆಣೆ ಮಾಡಿ ಹೇಳಲಾರೆ. ಆದರೆ ನಿನಗೆ ಕಾಣದೇ ಹೋದ ತಪ್ಪುಗಳು ಇದಕ್ಕಿಂತ ತೂಕದವು.

ಒಂದು, ಎಂ3, ಆ ಗಣಿತದ ಪೇಪರ್. ಮೂರನೇ ಸೆಮ್‌ನಲ್ಲಿ ಫೇಲಾಗಿ ಆಮೇಲೆ ಪಾಸಾದದ್ದು. ನೀನು ಅಪ್‌ಲೋಡ್ ಮಾಡಿದ ಕಟ್ಟಿನಲ್ಲಿ ಪಾಸಾದ ಕಾರ್ಡಿದೆ, ಎಫ್ ಇರೋ ಮೊದಲ ಕಾರ್ಡಿಲ್ಲ. ಸ್ಕ್ಯಾನ್ ಮಾಡುವಾಗ ಬಿಟ್ಟುಹೋಯಿತು ಅಂತ ನನಗೆ ಗೊತ್ತು, ಓದೋರಿಗೆ ಗೊತ್ತಿರಲ್ಲ. ಎಲ್ಲಾ ಪ್ರಯತ್ನಗಳ ಕಾರ್ಡೂ ಬೇಕು ಅಂತ ಅವರು ಕೇಳಿದ ಕಡೆ ಇದು ಸ್ಪೆಲ್ಲಿಂಗ್ ತಪ್ಪಲ್ಲ, ಮುಚ್ಚಿಟ್ಟ ಹಾಗೆ. ನಾಳೆ ಸೀಟು ಸಿಕ್ಕಮೇಲೆ ಯೂನಿವರ್ಸಿಟಿಯ ಮೊಹರಿನ ಟ್ರಾನ್ಸ್‌ಕ್ರಿಪ್ಟ್ ಬೆಳಗಾವಿಯಿಂದ ಹೋದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬ್ಯಾಕ್‌ಲಾಗ್ ಇದ್ದದ್ದು ದೊಡ್ಡ ವಿಷಯ ಅಲ್ಲ, ನೀನು ಅದನ್ನು ಹೇಳದೇ ಇದ್ದದ್ದು ದೊಡ್ಡದಾಗುತ್ತೆ. ಇದನ್ನು ಏಳೂ ಕಡೆ ಸರಿಮಾಡಲೇಬೇಕು.

ಎರಡು, ಸಿಜಿಪಿಎ. ಎರಡು ಫಾರಂನಲ್ಲಿ 8.25 ಅಂತ ಸರಿಯಾಗಿದೆ. ಉಳಿದ ಐದರಲ್ಲಿ 3.3 ಅಂತ ಹಾಕಿದ್ದೀಯ. 8.25ನ್ನು 10ರಿಂದ ಭಾಗಿಸಿ 4ರಿಂದ ಗುಣಿಸಿದ್ದು. ಅಲ್ಲಿಯವರು ಹಾಗೆ ಲೆಕ್ಕ ಹಾಕಲ್ಲ. ನಿಮ್ಮ ಸ್ಕೀಮಿನಲ್ಲಿ ಪರ್ಸೆಂಟೇಜ್ ಬೇಕಾದರೆ 0.75 ಕಳೆದು 10ರಿಂದ ಗುಣಿಸೋದು, 75 ಬರುತ್ತೆ. 4ರ ಅಳತೆಗೆ ತರೋ ಕೆಲಸ ನಿನ್ನದಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಬರೆ, ಎಷ್ಟಕ್ಕೆ ಅನ್ನೋದನ್ನು ಪಕ್ಕದ ಖಾನೆಯಲ್ಲಿ ಬರೆ ಅಂತ ಆ ಫಾರಂನಲ್ಲೇ ಸಣ್ಣಕ್ಷರದಲ್ಲಿದೆ.

ಮೂರು, ನಿಮ್ಮ ಟೀಮ್ ಲೀಡ್ ಪತ್ರ. ಎರಡು ಕಡೆ ಇನ್ನೂ ಬಂದಿಲ್ಲ ಅಂತ ತೋರಿಸುತ್ತಿದೆಯಲ್ಲ, ಅವರು ಮರೆತಿಲ್ಲ. ಅವರ ಆಫೀಸಿನ ವಿಳಾಸ ಡಾಟ್ ಇನ್, ನೀನು ಡಾಟ್ ಕಾಮ್ ಅಂತ ಹಾಕಿದ್ದೀಯ. ಲಿಂಕ್ ಅವರಿಗೆ ಹೋಗೇ ಇಲ್ಲ. ಅರ್ಜಿ ಮುಚ್ಚಿದ ಮೇಲೂ ಶಿಫಾರಸಿನ ಭಾಗ ಮಾತ್ರ ತೆರೆದಿಡೋ ಪೋರ್ಟಲ್‌ಗಳು ಬಹಳ ಇವೆ. ಹಳೆಯದನ್ನು ತೆಗೆದು ಸರಿಯಾದ ವಿಳಾಸ ಹಾಕಿ ಮತ್ತೆ ಕಳಿಸು. ಮೊದಲು ಅವರಿಗೊಂದು ಫೋನ್ ಮಾಡಿ ಹೇಳು, ಸ್ಪ್ಯಾಮ್ ನೋಡಿ ಅನ್ನು. ಇವತ್ತು ರಾತ್ರಿಯೇ ಮಾಡಬಹುದಾದ ಕೆಲಸ ಇದೊಂದೇ.

ಕಾಮಾ, ಫುಲ್‌ಸ್ಟಾಪ್, ಒಂದು ಕಡೆ ಎರಡು ಸಲ ಬಂದಿರೋ "ದಿ", ಇವನ್ನೆಲ್ಲ ಬಿಟ್ಟುಬಿಡು. ಅದಕ್ಕೆಲ್ಲ ಬರೆಯಲು ಹೋದರೆ ಅವರು ನೋಡದೇ ಇದ್ದದ್ದನ್ನೂ ನೀನೇ ತೋರಿಸಿದ ಹಾಗಾಗುತ್ತೆ.

ಸರಿಮಾಡೋದು ಹೀಗೆ. ಮೊದಲು ಪೋರ್ಟಲ್‌ನ ಸ್ಟೇಟಸ್ ಪುಟದಲ್ಲಿ ಹೆಚ್ಚುವರಿ ದಾಖಲೆ ಸೇರಿಸೋ ಜಾಗ ಇದೆಯಾ ನೋಡು. ಇದ್ದರೆ ಅಲ್ಲೇ ಹಾಕು. ಹಳೆಯದು ಅಳಿಸಿಹೋಗುತ್ತೆ ಅಂದುಕೊಳ್ಳಬೇಡ, ಎರಡೂ ಇರುತ್ತೆ. ಅದಕ್ಕೇ ಫೈಲಿನ ಹೆಸರಲ್ಲೇ ತಿದ್ದಿದ ಪ್ರತಿ ಅಂತ ಇರಲಿ, ತಾರೀಕೂ ಇರಲಿ. ಜಾಗ ಇಲ್ಲದಿದ್ದರೆ ಮೇಲ್. ಅದೂ ಇಡೀ ಗ್ರಾಜುಯೇಟ್ ಸ್ಕೂಲಿನ ವಿಳಾಸಕ್ಕಲ್ಲ, ನಿನ್ನ ವಿಭಾಗದ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ. ಪ್ರೊಫೆಸರ್‌ಗಳಿಗೆ ಬರೆಯಬೇಡ. ಒಂದು ಯೂನಿವರ್ಸಿಟಿಗೆ ಒಂದೇ ಮೇಲ್, ಅದರಲ್ಲೇ ಎಲ್ಲ ತಿದ್ದುಪಡಿ. ಇವತ್ತೊಂದು ನಾಳೆಯೊಂದು ಹೋದರೆ ಅವರೂ ಬೇಸರಪಡುತ್ತಾರೆ, ನೀನೂ ಗೊಂದಲದವಳ ಹಾಗೆ ಕಾಣುತ್ತೀಯ. ಸಬ್ಜೆಕ್ಟಿನಲ್ಲಿ ಅರ್ಜಿಯಲ್ಲಿರೋ ಹೆಸರು, ಅರ್ಜಿ ಸಂಖ್ಯೆ, ಕೋರ್ಸು, ಫಾಲ್ ಟರ್ಮ್. ಒಳಗೆ ನಾಲ್ಕೈದು ಸಾಲು: ಇಂಥ ದಿನ ಅರ್ಜಿ ಹಾಕಿದ್ದೇನೆ, ಮೂರನೇ ಸೆಮಿಸ್ಟರ್‌ನ ಒಂದು ಗ್ರೇಡ್ ಕಾರ್ಡ್ ಬಿಟ್ಟುಹೋಗಿದೆ, ಲಗತ್ತಿಸಿದ್ದೇನೆ, ಸಿಜಿಪಿಎಯನ್ನು 10ಕ್ಕೆ 8.25 ಅಂತ ಓದಿಕೊಳ್ಳಬೇಕು, ಇದನ್ನು ಕಡತಕ್ಕೆ ಸೇರಿಸಲು ಸಾಧ್ಯವೇ. ಇಂಡಿಯಾನಾದವರಿಗೆ ಮಾತ್ರ ಎಸ್‌ಒಪಿಯ ಸಾಲೊಂದು ಜಾಸ್ತಿ. ಕ್ಷಮೆ ಒಂದು ಸಲ ಸಾಕು. ಆಫೀಸಿನ ಒತ್ತಡ, ನೆಟ್ ಹೋಗಿದ್ದು, ಪಿಜಿಯಲ್ಲಿ ಕರೆಂಟ್ ಇಲ್ಲದ್ದು, ಇದ್ಯಾವುದೂ ಬೇಡ.

ನಮ್ಮ ಸಂಜೆ 7.30ಕ್ಕೆ ಇಂಡಿಯಾನಾದಲ್ಲಿ ಬೆಳಿಗ್ಗೆ 9, ಟೆಕ್ಸಾಸಿನಲ್ಲಿ 9 ಆಗೋದು ನಮ್ಮ 8.30ಕ್ಕೆ. ಆ ಹೊತ್ತಿಗೆ ಕಳಿಸಿದರೆ ಅವರು ಕೆಲಸಕ್ಕೆ ಕೂರುವಾಗ ಇನ್‌ಬಾಕ್ಸಿನ ಮೇಲ್ಗಡೆಯೇ ಇರುತ್ತೆ. ಕ್ರಿಸ್‌ಮಸ್ಸಿಗೆ ಬಾಗಿಲು ಹಾಕಿದರೆ ಹೊಸ ವರ್ಷದ ತನಕ ಯಾರೂ ಸಿಗಲ್ಲ, ಆದ್ದರಿಂದ ನಾಳೆ, ಹೆಚ್ಚೆಂದರೆ ನಾಡಿದ್ದು. ಮತ್ತೆ ಹೊಸದಾಗಿ ಅರ್ಜಿ ಹಾಕಿಬಿಡ್ತೀನಿ ಅಂದೆಯಲ್ಲ, ಅದು ಬೇಡವೇ ಬೇಡ. ಶುಲ್ಕ ಇನ್ನೊಂದು ಸಲ ಹೋಗುತ್ತೆ, ಒಂದೇ ಟರ್ಮಿಗೆ ಎರಡು ಅರ್ಜಿ ಬಂದರೆ ಯಾವುದನ್ನು ಓದಬೇಕು ಅಂತ ಅವರಿಗೂ ತಲೆನೋವು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಏಳು ಪಿಡಿಎಫ್ ಓದುವಾಗ ನನ್ನ ಕಣ್ಣು ಪ್ರತಿ ಸಲ ಮೊದಲ ಪುಟದ ಮೊದಲ ಸಾಲಿಗೇ ಹೋಗುತ್ತಿತ್ತು. ನಿನ್ನ ಹೆಸರಿಗೆ. ನಾಲ್ಕರಲ್ಲಿ ಲಾಸ್ಟ್ ನೇಮ್ ಅಂತ "ಎಚ್ ಎನ್" ಇದೆ. ಎರಡರಲ್ಲಿ ಅಪ್ಪನ ಹೆಸರು. ಒಂದರಲ್ಲಿ ನಿನ್ನ ಹೆಸರನ್ನೇ ಎರಡು ಸಲ ಬರೆದಿದ್ದೀಯ, ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗಲಿಲ್ಲವೇನೋ. ಇದು ನಿನ್ನ ತಪ್ಪಲ್ಲ. ನಿನ್ನ ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಪಾಸ್‌ಪೋರ್ಟ್ ಫಾರಂ ತುಂಬಿದವಳು ನಾನು. ಎಚ್ ಅಂದರೆ ಹೊಳೆನರಸೀಪುರ, ಎನ್ ಅಂದರೆ ನಿಮ್ಮಪ್ಪ. ಇನಿಷಿಯಲ್ ಬಿಡಿಸಿ ಬರೆಯಬೇಕು ಅಂದರು, ಬಿಡಿಸಿದೆ. ಮೂರನ್ನೂ ಗಿವನ್ ನೇಮ್ ಖಾನೆಯಲ್ಲೇ ಸಾಲಾಗಿ ಬರೆದೆ. ಸರ್‌ನೇಮ್ ಅಂತ ನಮ್ಮಲ್ಲಿ ಏನಿದೆ ಹೇಳು? ಊರು, ಅಪ್ಪ, ಹೆಸರು, ಮುಗಿಯಿತು. ಆ ಖಾನೆ ಖಾಲಿ ಬಿಟ್ಟೆ.

ನಿನಗೆ 18 ತುಂಬಿದಾಗ ಹೊಸ ಪಾಸ್‌ಪೋರ್ಟಿಗೆ ಹಾಕಿದೆವಲ್ಲ, ಆಗ ಇನ್ನೊಂದು ಅವಕಾಶ ಇತ್ತು. ಆಗಲೂ ಇದ್ದ ಹಾಗೇ ಇರಲಿ ಅಂದೆ. ಈಗ 10 ವರ್ಷದ್ದು. ಅದರ ಫೋಟೊ ಪುಟದ ಕೆಳಗೆ 44 ಅಕ್ಷರದ ಎರಡು ಸಾಲಿದೆ ನೋಡು, ಯಂತ್ರ ಓದೋ ಸಾಲು. ಮೇಲಿನದರಲ್ಲಿ ಹೆಸರು ಬರುತ್ತೆ. ಸರ್‌ನೇಮ್, ಆಮೇಲೆ ಜೋಡಿ ಬಾಣದ ಗುರುತು, ಆಮೇಲೆ ಮೊದಲ ಹೆಸರು. ನಿನ್ನದರಲ್ಲಿ ಮೂರೂ ಬಾಣದ ಈಚೆಗೇ ಇದೆ. ಆಚೆಗೆ ಸಾಲು ಮುಗಿಯೋ ತನಕ ಬರೀ ಬಾಣ.

ಸದ್ಯಕ್ಕೆ ಇದರಿಂದ ಆಗೋ ತೊಂದರೆ ಜಿಆರ್‌ಇ ಪ್ರವೇಶ ಪರೀಕ್ಷೆಯದು. ಪಾಸ್‌ಪೋರ್ಟಿನ ಹೆಸರಲ್ಲಿ ಬರೆದಿದ್ದೀಯ, ಅರ್ಜಿ ಬೇರೆ ಹೆಸರಲ್ಲಿದೆ. ಪರೀಕ್ಷೆ ನಡೆಸೋ ಇಟಿಎಸ್‌ನವರು ಅಂಕ ಕಳಿಸಿರುತ್ತಾರೆ, ಯೂನಿವರ್ಸಿಟಿಗೆ ತಲುಪಿಯೂ ಇರುತ್ತೆ, ಆದರೆ ಯಾರ ಕಡತಕ್ಕೆ ಸೇರಿಸಬೇಕು ಅಂತ ಗೊತ್ತಾಗದೆ ಒಂದು ಕಡೆ ಬಿದ್ದಿರುತ್ತೆ. ನಿನ್ನ ಚೆಕ್‌ಲಿಸ್ಟಿನಲ್ಲಿ "ಬಂದಿಲ್ಲ" ಅಂತಲೇ ಇರುತ್ತೆ. ಅದಕ್ಕೆ ಅದೇ ಮೇಲ್‌ನಲ್ಲಿ ಇನ್ನೊಂದು ಸಾಲು: ಪಾಸ್‌ಪೋರ್ಟಿನಲ್ಲಿರೋ ಹೆಸರು, ಹುಟ್ಟಿದ ದಿನಾಂಕ, ಪರೀಕ್ಷೆಯ ದಿನಾಂಕ, ಇಟಿಎಸ್ ನೋಂದಣಿ ಸಂಖ್ಯೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ, ಮಾರ್ಕ್ಸ್ ಕಾರ್ಡಿನ ಎಚ್ ಎನ್ ಅದರದ್ದೇ ಇನಿಷಿಯಲ್ ಅಂತ ಸೇರಿಸು. ಇನಿಷಿಯಲ್ ಅನ್ನೋದು ಅವರಿಗೆ ಹೊಸದೇನಲ್ಲ, ದಕ್ಷಿಣದಿಂದ ಹೋಗೋ ಮಕ್ಕಳೆಲ್ಲ ಬರೆಯೋದೇ.

ನನ್ನ ಹೆದರಿಕೆ ಸೀಟು ಸಿಕ್ಕ ಮೇಲಿನದು. ವೀಸಾಗೆ ಬೇಕಾಗೋ, ಯೂನಿವರ್ಸಿಟಿ ಕೊಡೋ ಐ-20 ಪತ್ರ ಪಾಸ್‌ಪೋರ್ಟಿನ ಹಾಗೆ ಬರಬೇಕು. ಸರ್‌ನೇಮ್ ಇಲ್ಲದವರಿಗೆ ಅವರು ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳುತ್ತಾರೆ, ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಅಂತ ಬರುತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿಂದ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಸಂಬಳದ ಚೀಟಿ. ಆಸ್ಪತ್ರೆಯ ಕೌಂಟರಿನಲ್ಲಿ ನಿನ್ನನ್ನು ಎಫ್‌ಎನ್‌ಯು ಅಂತ ಕೂಗುತ್ತಾರೆ, ನೀನು ಎದ್ದು ಹೋಗುತ್ತೀಯ. ನಿನಗೆ ಅದು ತಮಾಷೆಯಾಗಿ ಕಾಣಬಹುದು. ನಾಮಕರಣದ ದಿನ ಅಜ್ಜಿ ನಿನ್ನ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರದು. ಗೊತ್ತಿಲ್ಲ ಅಂತ ಬರೆಯುತ್ತಾರಂತೆ.

ರೀ-ಇಷ್ಯೂಗೆ ಹಾಕಿ ಹೆಸರನ್ನು ಎರಡು ಖಾನೆಗೆ ಹಂಚಬಹುದು. ಡಿಸೆಂಬರ್‌ನಿಂದ ಮಾರ್ಚ್ ತನಕ ನಮಗೆ ಸಮಯವಿದೆ, ಧನಸಹಾಯದ ಜೊತೆ ಸೀಟು ಬಂದರೆ ಒಪ್ಪಿಕೊಳ್ಳಲು ಸಾಮಾನ್ಯವಾಗಿ ಏಪ್ರಿಲ್ 15ರ ತನಕ ಕೊಡುತ್ತಾರೆ. ಆದರೆ ಕ್ರಮ ತಪ್ಪಬಾರದು: ಮೊದಲು ಪಾಸ್‌ಪೋರ್ಟ್, ಆಮೇಲೆ ಐ-20, ಆಮೇಲೆ ವಿದೇಶಿ ವಿದ್ಯಾರ್ಥಿಗಳು ಕಟ್ಟೋ 350 ಡಾಲರಿನ ಸೆವಿಸ್ ಶುಲ್ಕ, ಕೊನೆಗೆ ವೀಸಾ ಅರ್ಜಿ, ಡಿಎಸ್-160. ನಡುವೆ ಎಲ್ಲೂ ಹೆಸರು ಬದಲಾಗಬಾರದು. ರದ್ದಾದ ಹಳೆ ಪಾಸ್‌ಪೋರ್ಟ್ ಎಸೆಯಬಾರದು, ಜಿಆರ್‌ಇ ಅದರ ಮೇಲಿದೆ. ಇಷ್ಟೆಲ್ಲ ತಾಪತ್ರಯ ಈಗ ಬೇಕಾ, ಎಫ್‌ಎನ್‌ಯು ಆಗಿಯೇ ಎಷ್ಟೋ ಮಕ್ಕಳು ಓದಿ ಬಂದಿಲ್ಲವಾ ಅಂತ ನೀನು ಕೇಳಬಹುದು. ಬಂದಿದ್ದಾರೆ. ತೀರ್ಮಾನ ನಿನ್ನದು. ಸರ್‌ನೇಮ್ ಖಾನೆಗೆ ಊರು ಹೋಗಬೇಕಾ ಅಪ್ಪ ಹೋಗಬೇಕಾ ಅನ್ನೋದೂ ನಿನ್ನದೇ. ಅಪ್ಪನನ್ನು ಕೇಳಿದರೆ ಹೊಳೆನರಸೀಪುರ ಅನ್ನುತ್ತಾರೆ, ಅದು ಅವರಪ್ಪನ ಊರು. ಅವರನ್ನು ಕೇಳಬೇಡ.

ಮೇಲ್ ಬರೆದು ಮುಗಿಸಿದ ಮೇಲೆ ಕಳಿಸೋ ಮುಂಚೆ ನನಗೊಂದು ಸಲ ಓದಿ ಹೇಳು. ಬೇಡ, ನೀನೇ ಗಟ್ಟಿಯಾಗಿ ಓದಿಕೋ. ಎಂ3 ಕಾರ್ಡಿನ ಮೂಲ ಪ್ರತಿ ಇಲ್ಲಿ ಗಾಡ್ರೇಜ್ ಬೀರುವಿನ ಎರಡನೇ ಅರೆಯಲ್ಲಿದೆ. ಬೆಳಿಗ್ಗೆ 9ಕ್ಕೆ ಅಂಗಡಿ ತೆಗೆದ ಕೂಡಲೆ ಸ್ಕ್ಯಾನ್ ಮಾಡಿಸಿ ವಾಟ್ಸಾಪಿಗೆ ಹಾಕುತ್ತೇನೆ, ಎರಡೂ ಬದಿ. ನೀನು ಪಾಸ್‌ಪೋರ್ಟಿನ ಫೋಟೊ ಪುಟ ಕಳಿಸು, ಕೆಳಗಿನ ಎರಡು ಸಾಲು ಕತ್ತರಿಸಿ ಹೋಗದ ಹಾಗೆ.

ಅಮ್ಮ